ಅಮ್ಮನ ಕೈ, ಕೇದಗೆ ಸಾಬೂನು

ನನ್ನ ಸಾಬೂನನ್ನು ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬಚ್ಚಲಿನಿಂದ ಬಂದು ಅಂಗೈ ಮೂಸಿಕೊಂಡು "ಆಹಾ, ಎಂಥ ಪರಿಮಳ" ಎಂದು ಕಣ್ಣು ಮುಚ್ಚುತ್ತಾರಲ್ಲ, ಆಗ ಆ ಕೈಯನ್ನು ಹಿಡಿದು ಕೊಚ್ಚೆಯಲ್ಲಿ ಅದ್ದಬೇಕು ಅನ್ನಿಸುತ್ತದೆ. ಸಾಬೂನು ಮಾರಿ ಉಣ್ಣುವವಳು ಇಂಥ ಮಾತಾಡಬಾರದು, ಗೊತ್ತು. ಆದರೆ ನಾನು ಈ ಕೆಲಸಕ್ಕೆ ಇಳಿದದ್ದು ಪರಿಮಳದ ಮೇಲಿನ ಪ್ರೀತಿಯಿಂದಲ್ಲ, ಒಬ್ಬರ ಮೂಗಿನ ಮೇಲಿನ ಸಿಟ್ಟಿನಿಂದ.

ನಮ್ಮ ಮನೆ ಉಪ್ಪುಂದದಲ್ಲಿ, ಸಮುದ್ರದ ಕಡೆಗೆ. ಅಪ್ಪ ಮುಂಬೈಯ ಹೋಟೆಲಿನಲ್ಲಿದ್ದರು. ವರ್ಷಕ್ಕೊಮ್ಮೆ ಬಂದು, ನಮ್ಮನ್ನು ನೆಂಟರ ಹಾಗೆ ಮಾತಾಡಿಸಿ ಹೋಗುತ್ತಿದ್ದರು. ಸಂಸಾರ ನಡೆದದ್ದು ಅಮ್ಮನ ತಲೆಯ ಮೇಲೆ. ಬೆಳಗಾಗುತ್ತಲೇ ದಡಕ್ಕೆ ಹೋಗಿ ಮೀನು ಕೊಂಡು, ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದಳು. ಬುಟ್ಟಿ ಎಂದರೆ ಬೆತ್ತದ್ದಲ್ಲ, ಅಗಲ ಬಾಯಿಯ ಅಲ್ಯೂಮಿನಿಯಂ ಪಾತ್ರೆ. ಬೆತ್ತದ ಕಾಲ ಹೋದರೂ ಹೆಸರು ಬುಟ್ಟಿಯೆಂದೇ ಉಳಿದಿತ್ತು. ಮಧ್ಯಾಹ್ನ ಬಂದವಳು ಬೂದಿ ಹಾಕಿ, ಹುಣಸೆಹಣ್ಣು ಹಾಕಿ, ಕೊನೆಗೆ ಬಟ್ಟೆ ಸಾಬೂನು ಹಾಕಿ ಕೈ ಉಜ್ಜುತ್ತಿದ್ದಳು. ಆದರೂ ಅವಳು ಕೈಯಾರೆ ಕಲಸಿ ಕೊಟ್ಟ ಅನ್ನದಲ್ಲಿ ಬೈಗೆ ಎನ್ನುವ ಸಣ್ಣ ಮೀನಿನ ವಾಸನೆ ಇದ್ದೇ ಇರುತ್ತಿತ್ತು. ನಮಗೆ ಅದು ಅನ್ನದ್ದೇ ವಾಸನೆ ಎನ್ನುವಷ್ಟು ರೂಢಿಯಾಗಿತ್ತು.

ಅಕ್ಕನನ್ನು ಬ್ರಹ್ಮಾವರಕ್ಕೆ ಕೊಟ್ಟೆವು. ಭಾವನದ್ದು ಬಟ್ಟೆ ಅಂಗಡಿ. ನಮ್ಮವರೇ, ಒಂದು ತಲೆಮಾರಿನ ಹಿಂದೆ ಕಡಲು ಬಿಟ್ಟವರು. ಭಾವನಿಗೆ ಬಾಯಿ ಇದೆಯೋ ಇಲ್ಲವೋ ಎಂದು ನನಗೆ ಇವತ್ತಿಗೂ ಸಂಶಯ. ಆ ಮನೆಯ ಬಾಯಿ ಎಂದರೆ ಅವನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು, ಅಂಗಡಿಯ ಬೀಗದಕೈಯಿಂದ ಉಪ್ಪಿನಕಾಯಿ ಭರಣಿಯ ತನಕ ಎಲ್ಲವನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು. ಅವಳ ಅಜ್ಜಿ ಕೋಡಿ ಎಂಬ ಊರಿನಲ್ಲಿ ಬುಟ್ಟಿ ಹೊತ್ತು ಮೀನು ಮಾರಿದ್ದನ್ನು ಕಣ್ಣಾರೆ ಕಂಡವರು ನಮ್ಮ ಕೇರಿಯಲ್ಲಿದ್ದರು. ಅಮ್ಮನಿಗೂ ಗೊತ್ತಿತ್ತು. ಒಂದು ದಿನವೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹತ್ತಿದ ಏಣಿ ಒದೆಯುವವರ ಎದುರು ಏಣಿಯ ಸುದ್ದಿ ಎತ್ತಬಾರದು ಎಂದು ಅವಳ ಲೆಕ್ಕ.

ಅಕ್ಕ ಬಸುರಿಯಾದಳು. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಎನ್ನುವುದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಅಮ್ಮ ಕೋಣೆಗೆ ಸುಣ್ಣ ಬಳಿದು, ಬಾಣಂತಿ ಮದ್ದಿನ ಸಾಮಾನು ತಂದಿಟ್ಟಿದ್ದಳು. ಸೀಮಂತದ ದಿನ ಅಕ್ಕನನ್ನು ಕರೆದುಕೊಂಡು ಬರಲು ನಾವಿಬ್ಬರೂ ಹೋದೆವು. ಊಟ ಮುಗಿದ ಮೇಲೆ ಅಮ್ಮ ವಿಷಯ ತೆಗೆದಳು. ಭಾವನ ಅಕ್ಕ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಹೇಳಿದಳು:

"ಹೆರಿಗಿ ಇಲ್ಲೇ ಆಯ್ಲಿ. ನಿಮ್ಮನಿಯಂಗೆ ಆ ಮೀನ್ ವಾಸ್ನಿಯಲ್ಲಿ ಬಾಣ್ತಿ ಹ್ಯಾಂಗ್ ಇಪ್ಪುದ್? ಶಿಶುವಿಗೂ ಹಿಡಿತ್ತ್."

ಅಮ್ಮ, "ತೊಟ್ಲಿಗ್ ಹಾಕುಕಾರೂ ನಾ ಬತ್ತೆ" ಎಂದಳು. ನಮ್ಮಲ್ಲಿ ಮಗುವನ್ನು ಮೊದಲು ತೊಟ್ಟಿಲಿಗೆ ಹಾಕುವುದು ತಾಯಿಯ ತಾಯಿ.

"ಬನ್ನಿ, ಬ್ಯಾಡ ಅಂದ್ರ್ ಯಾರ್? ವಾಸ್ನಿ ಒಂದ್ ಮನಿಯಂಗೇ ಬಿಟ್ಟಿಕ್ಕಿ ಬನ್ನಿ."

ಅಲ್ಲಿದ್ದವರು ನಕ್ಕರು. ಅಕ್ಕ ಹಸಿರು ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಕೂತಿದ್ದಳು. ಅವಳು ತಲೆ ಎತ್ತುತ್ತಾಳೇನೋ ಎಂದು ಕಾದೆ. ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಸೀರೆಯನ್ನೂ ಬದಲಿಸದೆ ಜಗಲಿಯಲ್ಲಿ ಕೂತು ನನ್ನನ್ನು ಕರೆದಳು. "ನೀ ಕಲ್ತ್ ಬಂದದ್ದ್ ಇತ್ತಲೆ, ಸಾಬೂನ್. ಒಂದ್ಸಲ ಮಾಡ್ ಕಾಂಬ."

ಆಗ ಊರೂರಲ್ಲಿ ಹೆಂಗಸರ ಸ್ವಸಹಾಯ ಸಂಘಗಳು ಎದ್ದಿದ್ದವು. ನಮ್ಮ ಸಂಘದಿಂದ ನನ್ನನ್ನು ಕುಂದಾಪುರಕ್ಕೆ ಸಾಬೂನು, ಮೇಣದಬತ್ತಿಯ ತರಬೇತಿಗೆ ಕಳಿಸಿದ್ದರು. ಕಲಿಸಲು ಬಂದ ಹೆಂಗಸು ಗಂಜಿ ಹಾಕಿದ ಸೀರೆಯವಳು. ಮೀನು ಮಾರುವ ಮನೆಗಳ ನಾವು ಮೂವರಿಗೆ, "ನೀವು ಕಿಟಕಿ ಹತ್ರ ಕೂತ್ಕೊಳ್ಳಿ, ಗಾಳಿ ಬರಲಿ" ಎಂದಿದ್ದಳು. ಮೇಣ ಕರಗಿಸಿ ಬಣ್ಣ ಹಾಕಿ ಅಚ್ಚಿಗೆ ಹೊಯ್ಯುವುದು, ತೆಂಗಿನೆಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿಸಿ ಗಟ್ಟಿಯಾಗುವ ತನಕ ತಿರುವುವುದು, ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟಿನಲ್ಲಿ, ಸ್ಟೀಲ್ ಪಾತ್ರೆಯಲ್ಲಿ ಮಾಡಿ ತೋರಿಸಿದಳು. ಬೇರೆ ಪಾತ್ರೆ ಯಾಕೆ ಆಗದು ಎಂದು ಒಂದು ಮಾತೂ ಹೇಳಲಿಲ್ಲ. ಸೋಡಾ ಕೈಗೆ ತಾಗಿದರೆ ಏನು ಮಾಡಬೇಕೆಂದೂ ಹೇಳಲಿಲ್ಲ. ಉದ್ಘಾಟನೆಯ ಭಾಷಣದಲ್ಲೇ ಅರ್ಧ ದಿನ ಹೋಗಿತ್ತು.

ಅಂಗಡಿಯ ಸಾಬೂನುಗಳನ್ನೆಲ್ಲ ಅಮ್ಮ ನೋಡಿಯಾಗಿತ್ತು. "ಮೀನಿಗ್ ಹೂಂಗ್ ಮುಡ್ಸಿದಾಂಗ್ ಆತ್ತ್" ಎನ್ನುತ್ತಿದ್ದಳು. ಅವಳ ನಂಬಿಕೆ ಕೇದಗೆಯ ಮೇಲಿತ್ತು. ದಡದ ಬದಿಯ ಬೇಲಿಯಲ್ಲಿ ಮುಳ್ಳು ಚುಚ್ಚಿಸಿಕೊಂಡು ಕೇದಗೆ ಕೊಯ್ದು ತಂದು, ಎಸಳು ಹರಿದು ತೆಂಗಿನೆಣ್ಣೆಗೆ ಹಾಕಿ ಬಿಸಿಲಿಗಿಟ್ಟಳು. ಮನೆಯಲ್ಲಿ ಮದುವೆಯಿದ್ದ ಹಾಗೆ ಓಡಾಡುತ್ತಿದ್ದಳು. ನನಗೂ ಹುರುಪು ಬಂತು. ಆ ಬ್ರಹ್ಮಾವರದ ಮೂಗಿಗೆ ತಕ್ಕ ಉತ್ತರ ಕೊಡಬೇಕು ಎಂದುಕೊಂಡೆ.

ಸೋಡಾ ಕರಗಿಸಲು ನಾನು ಪ್ಲಾಸ್ಟಿಕ್ ಬಕೆಟು ತೆಗೆದರೆ ಅಮ್ಮ ಬೈದಳು. "ಕುಡು ನೀರಿನ್ ಬಕೇಟಿಗ್ ಯಾರಾರೂ ವಿಷ ಹಾಕ್ತ್ರಾ? ನನ್ ಬುಟ್ಟಿ ಇತ್ತಲೆ, ಲಾಯ್ಕ್ ಮಾಡಿ ತಿಕ್ಕಿ ಇಟ್ಟಿದೆ."

ತಿಕ್ಕಿದ್ದಳು, ಹೌದು. ಮೀನಿನ ವಾಸನೆ ಸಾಬೂನಿಗೆ ಹಿಡಿಯಬಾರದೆಂದು ಹುಣಸೆಹಣ್ಣು ಹಾಕಿ ಬೆಳ್ಳಿಯ ಹಾಗೆ ಹೊಳೆಯಿಸಿದ್ದಳು. ಮೀನಿನವರ ಮನೆಯಲ್ಲಿ ದೊಡ್ಡ ಪಾತ್ರೆ ಎಂದರೆ ಅದೊಂದೇ. ಅದನ್ನು ಅಂಗಳದ ಕಲ್ಲಿನ ಮೇಲಿಟ್ಟು, ನೀರು ಹೊಯ್ದು, ಸೋಡಾ ಸುರಿದೆ.

ಅಲ್ಯೂಮಿನಿಯಂ ಮತ್ತು ಕಾಸ್ಟಿಕ್ ಸೋಡಾ ಒಂದನ್ನೊಂದು ತಿನ್ನುತ್ತವೆ ಎಂದು ಈಗ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ದಿನ ಹೇಳುವವರಿರಲಿಲ್ಲ. ಬುಟ್ಟಿಯೊಳಗೆ ಮೊದಲು ಸುಂಯ್ ಎಂದಿತು. ಆಮೇಲೆ ಒಲೆಯಿಲ್ಲದೆಯೇ ಕುದಿಯಿತು. ಬೂದುಬಣ್ಣದ ನೊರೆ ಉಕ್ಕಿ, ಮೂಗು ಸುಡುವ ಆವಿ ಎದ್ದಿತು. ನಾನು ಹಿಂದಕ್ಕೆ ಹಾರಿದೆ. ಬುಟ್ಟಿ ಕಲ್ಲಿನ ಮೇಲೆ ಅಲುಗಾಡಿ ಒಂದು ಬದಿಗೆ ವಾಲಿತು.

ಬೇರೆ ಯಾರೇ ಆಗಿದ್ದರೂ ಓಡುತ್ತಿದ್ದರು. ಆದರೆ ತುಂಬಿದ ಬುಟ್ಟಿ ವಾಲುವುದನ್ನು ಕಂಡು ಸುಮ್ಮನೆ ನಿಲ್ಲುವುದು ಮೀನು ಹೊರುವವಳ ಮೈಯಲ್ಲೇ ಇಲ್ಲ. ಬಸ್ಸಿನಲ್ಲಿ ನಿದ್ದೆಗೆ ಜಾರಿದಾಗಲೂ ಅಮ್ಮನ ಒಂದು ಕೈ ಬುಟ್ಟಿಯ ಅಂಚಿನ ಮೇಲಿರುತ್ತಿತ್ತು. ಈಗಲೂ ಹಾಗೆಯೇ, ನಾನು ಕೂಗುವುದರೊಳಗೆ, ಬಲಗೈಯಿಂದ ಅಂಚು ಹಿಡಿದಳು. ಅಷ್ಟೂ ಅವಳ ಕೈಯ ಮೇಲೆ ಸುರಿಯಿತು.

ಅವಳು ಒಳಗೆ ಓಡಿ, ಎಲ್ಲ ಸುಟ್ಟ ಗಾಯಕ್ಕೂ ಮಾಡುವ ಹಾಗೆ, ತೆಂಗಿನೆಣ್ಣೆಯ ತಂಬಿಗೆಗೆ ಕೈ ಅದ್ದಿದಳು. ನೀರು ಹೊಯ್ಯಬೇಕಿತ್ತು, ಧಾರೆಯಾಗಿ ಹೊಯ್ಯುತ್ತಲೇ ಇರಬೇಕಿತ್ತು ಎಂದು ಬೈಂದೂರಿನ ಡಾಕ್ಟರು ಆಮೇಲೆ ಗದರಿದರು. ಎಣ್ಣೆ ಮತ್ತು ಸೋಡಾ ಸೇರಿದರೆ ಏನಾಗುತ್ತದೆ ಎಂದು ನಾನು ಕಲಿತು ಬಂದಿದ್ದೆನಲ್ಲ, ಅದೇ ಆಯಿತು. ಮೊದಲ ಸಾಬೂನು ಅಮ್ಮನ ಕೈಯ ಮೇಲೆಯೇ ಆಯಿತು.

ಬುಟ್ಟಿಯ ತಳ ಜರಡಿಯಾಗಿತ್ತು. ತರಬೇತಿಯ ಹೆಂಗಸನ್ನು ಕಂಡು ಕೇಳಿದಾಗ ಅವಳೆಂದಳು, "ಅಲ್ಯೂಮಿನಿಯಮ್ಮಲ್ಲಿ ಮಾಡಿ ಅಂತ ಯಾರು ಹೇಳಿದ್ದು? ಅಷ್ಟೂ ಬುದ್ಧಿ ಬೇಡ್ವಾ?" ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಲ್ಲಿ ಮಾತ್ರ ಒಂದೂ ಬಿಡದೆ ಹೇಳಿದೆ.

ಇನ್ನು ಸಾಬೂನಿನ ಸುದ್ದಿಯೇ ಬೇಡ ಎಂದುಕೊಂಡಿದ್ದೆ. ಆದರೆ ಅಮ್ಮ ಬಿಡಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಎದುರು ಕೂತು, ಅನ್ನದ ಸ್ಟೀಲ್ ತಪ್ಪಲೆಯಲ್ಲಿ ನನ್ನಿಂದ ಎರಡನೆಯ ಸಲ ಮಾಡಿಸಿದಳು. ಈ ಸಲ ಸರಿಯಾಯಿತು. ಅಚ್ಚಿಗೆ ಹೊಯ್ದದ್ದನ್ನು ಕತ್ತರಿಸಿ ತಿಂಗಳ ಮೇಲೆ ಒಣಗಿಸಿದೆವು. ಅಷ್ಟು ದಿನ ಅಮ್ಮ ಮೀನು ಮುಟ್ಟಲಿಲ್ಲ. ಮುಟ್ಟಲು ಕೈಯೂ ಇರಲಿಲ್ಲ, ಹೊರಲು ಬುಟ್ಟಿಯೂ ಇರಲಿಲ್ಲ. ನಾನು ಗೇರುಬೀಜದ ಕಾರ್ಖಾನೆಗೆ ಹೋಗಿ ಮನೆ ನಡೆಸಿದೆ. ಸಾಬೂನು ಒಣಗಿದ್ದೇ ಅಮ್ಮ ಅದನ್ನು ಎಡಗೈಯಲ್ಲಿ ಹಿಡಿದು ದಿನಕ್ಕೆ ಎರಡು ಹೊತ್ತು ಮಿಂದಳು. ಗಾಯಕ್ಕೆ ಸುತ್ತಿದ ಬಟ್ಟೆ ಬಿಚ್ಚಿದ ಮೇಲೆ ಬಲಗೈಯನ್ನೂ ತೊಳೆದಳು. ನಿಜಕ್ಕೂ ವಾಸನೆ ಹೋಯಿತು. ಅವಳು ಪಕ್ಕದಲ್ಲಿ ಮಲಗಿದರೆ ಬೇರೆ ಯಾರೋ ಮಲಗಿದ ಹಾಗೆ ಅನ್ನಿಸುತ್ತಿತ್ತು. ನನಗದು ಸೇರಲಿಲ್ಲ.

ಅಕ್ಕನಿಗೆ ಹೆಣ್ಣು ಮಗುವಾಯಿತು. ತೊಟ್ಟಿಲು ಹಾಕುವ ದಿನ ನಾವು ಬೆಳಿಗ್ಗೆಯೇ ಬಸ್ಸು ಹತ್ತಿದೆವು. ಅಮ್ಮ ಅಕ್ಕನ ಧಾರೆಯ ದಿನ ಉಟ್ಟಿದ್ದ ಸೀರೆ ಉಟ್ಟಿದ್ದಳು. ಮಡಿಲಲ್ಲಿ ಹೊಸ ಟವೆಲಿನಲ್ಲಿ ಸುತ್ತಿದ ಸಾಬೂನುಗಳು. ದಾರಿಯುದ್ದಕ್ಕೂ ಕೈಯನ್ನು ನನ್ನ ಮೂಗಿಗೆ ಹಿಡಿಯುತ್ತಿದ್ದಳು. "ಕಾಣ್, ಎಂತಾರೂ ಬತ್ತಾ?"

"ಎಂತದೂ ಇಲ್ಲೆ ಮಾರಾಯ್ತಿ, ಸುಮ್ನೆ ಕೂಕೊ" ಎಂದೆ.

ಭಾವನ ಅಕ್ಕ ಬಾಗಿಲಲ್ಲೇ ಎದುರಾದಳು. ಅಮ್ಮನ ಭುಜದ ಹತ್ತಿರ ಬಗ್ಗಿ, ನಾಚಿಕೆಯಿಲ್ಲದೆ ಉಸಿರು ಎಳೆದುಕೊಂಡಳು. "ಇವತ್ತ್ ಅಡ್ಡಿಲ್ಲೆ" ಎಂದಳು. ಅಮ್ಮನ ಮುಖ ಅರಳಿತು. ಆ ಅರಳಿದ ಮುಖವನ್ನು ನಾನು ಮರೆಯಲಾರೆ. ಪರೀಕ್ಷೆ ಪಾಸಾದ ಮಕ್ಕಳ ಮುಖ ಹಾಗಿರುತ್ತದೆ.

ಸಾಬೂನು ಕೈಯಿಂದ ಕೈಗೆ ಹೋಯಿತು. ನೆಂಟರ ಹೆಂಗಸರು ಮೂಸಿ ನೋಡಿ, ಬಚ್ಚಲಿಗೆ ಹೋಗಿ ಕೈ ತೊಳೆದು, ಮತ್ತೆ ಮೂಸಿಕೊಂಡರು. ಹಿತ್ತಿಲಲ್ಲಿ ಸಂಜೆಯ ನೆಂಟರಿಗೆಂದು ಕಾಣೆ ಮೀನು ತೊಳೆಯುತ್ತಿದ್ದರು. ಆ ವಾಸನೆ ಮಾತ್ರ ಯಾರ ಮೂಗಿಗೂ ಬಡಿಯಲಿಲ್ಲ.

ಮುಹೂರ್ತವಾಯಿತು ಎಂದರು. ಅಕ್ಕ ಮಗುವನ್ನು ಎತ್ತಿಕೊಂಡು ಬಂದಳು. ಅಮ್ಮ ಎದ್ದು ಎರಡೂ ಕೈ ಚಾಚಿದಳು. ಆಗ ಬಲಗೈಯ ಮೇಲಿನ ಸೆರಗು ಜಾರಿತು. ಚರ್ಮ ಅಲ್ಲಲ್ಲಿ ಬೆಳ್ಳಗೆ, ಅಲ್ಲಲ್ಲಿ ಕೆಂಪಗೆ, ಸುಕ್ಕುಗಟ್ಟಿ ಸಿಪ್ಪೆ ಏಳುತ್ತಿತ್ತು.

"ಅಯ್ಯೋ, ನಿಲ್ಲಿ!" ಭಾವನ ಅಕ್ಕ ನಡುವೆ ನುಗ್ಗಿದಳು. "ಎಂತ ಅದ್ ಕೈಯಂಗೆ? ತೊನ್ನಾ? ಕಜ್ಜಿಯಾ?"

"ಸುಟ್ಟದ್ದ್" ಎಂದಳು ಅಮ್ಮ.

"ಸುಟ್ಟದ್ದ್ ಹೀಂಗ್ ಇರುದಿಲ್ಲೆ."

ನನಗೆ ತಡೆಯಲಾಗಲಿಲ್ಲ. "ನೀವೀಗ ಕೈ ತೊಳ್ಕಂಡ್ರಲೆ, ಆ ಸಾಬೂನ್ ಮಾಡುಕ್ ಹೋಯೇ ಸುಟ್ಟದ್ದ್! ನಿಮ್ಮ್ ಮೂಗಿಗೆ ಬೇಕಾಯಿಯೇ ಸುಟ್ಟದ್ದ್!"

ಭಾವ ಗೋಡೆ ನೋಡಿದ. ಅವನ ಅಕ್ಕನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. "ಸಾಬೂನ್ ಲಾಯ್ಕ್ ಇತ್ತ್, ಇಲ್ಲೆ ಅಂಬುದಿಲ್ಲೆ. ಹಸಿ ಶಿಶು ಮುಟ್ಟುದ್ ಮಾತ್ರ ಬ್ಯಾಡ" ಎಂದಳು.

ಅಮ್ಮ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆಯದೆ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಅಕ್ಕ ಮಗುವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ಕೈ ಗುಣ ಆಯ್ಲಿ ಅಮ್ಮ. ಮತ್ತೆ ಎತ್ಕಂಬೆಯಂತೆ" ಎಂದಳು.

ಭಾವನ ಅಕ್ಕ ಬಚ್ಚಲಿಗೆ ಹೋಗಿ, ನಮ್ಮ ಸಾಬೂನು ಹಾಕಿ ಇನ್ನೊಮ್ಮೆ ಕೈ ತೊಳೆದು ಬಂದು, ಮಗುವನ್ನು ತೊಟ್ಟಿಲಿಗೆ ಹಾಕಿದಳು. ಜೋಗುಳ ಹಾಡಿದರು. ಅಮ್ಮ ಕಂಬಕ್ಕೆ ಒರಗಿ, ಕೈಯನ್ನು ಸೆರಗಿನಡಿ ಸುತ್ತಿಕೊಂಡು, ಅವರ ಜೊತೆ ತಾನೂ ಹಾಡಿದಳು. ನಾನಾಗಿದ್ದರೆ ತೊಟ್ಟಿಲನ್ನು ಮುರಿಯುತ್ತಿದ್ದೆ.

ಹೊರಟು ಅಂಗಳಕ್ಕೆ ಇಳಿದಾಗ ಹಿಂದಿನಿಂದ ಭಾವನ ಅಕ್ಕ ಕರೆದಳು. "ಹ್ವಾಯ್, ಆ ಸಾಬೂನ್ ಇನ್ನ್ ನಾಕ್ ಕಳ್ಸಿ ಕಾಂಬ. ಶಿಶು ಮೀಸುಕ್ ಆತ್ತ್."

ಬಸ್ಸಿನಲ್ಲಿ ಅಮ್ಮ, "ಮನಿಗ್ ಹೋದ್ ಕೂಡ್ಲೆ ಎಣ್ಣಿಗ್ ಕೇದಗಿ ಹಾಕುವ" ಎಂದಳು. ನಾನು ಕಿಡಿಕಿಡಿಯಾದೆ. ಸಾಬೂನಲ್ಲ, ಮಣ್ಣು ಕಳಿಸುತ್ತೇನೆ ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದೆ. ಅಮ್ಮ ನನ್ನ ಬಾಯಿ ನಿಲ್ಲುವ ತನಕ ಕಾದಳು.

"ನನ್ನ್ ಮುಟ್ಟುಕ್ ಬಿಡುದಿಲ್ಲೆ. ನಾವ್ ಮಾಡಿದ್ದಾರೂ ಅದ್ರ್ ಮೈ ಮುಟ್ಲಿ" ಎಂದಳು.

ಹಾಗೆ ನಾನು ಸಾಬೂನಿನವಳಾದೆ. ಬ್ರಹ್ಮಾವರಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಟ್ಟು ಕಳಿಸುತ್ತಿದ್ದೆ. ಅಲ್ಲಿ ಕೈ ತೊಳೆದ ನೆಂಟರು ತಮಗೂ ಬೇಕೆಂದರು. ಅವರ ನೆಂಟರೂ ಕೇಳಿದರು. ಅಮ್ಮ ಹೊಸ ಬುಟ್ಟಿ ಕೊಂಡು ಮತ್ತೆ ದಡಕ್ಕೆ ಹೋದಳು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಎಡಗೈಯಲ್ಲಿ ಅಂಚು ಹಿಡಿಯಲು ಕಲಿತಳು. ತಾನು ಸಾಬೂನು ಹಾಕುವುದನ್ನು ಬಿಟ್ಟಳು. ಅದು ಮಗುವಿಗೆ ಎಂದು ಎತ್ತಿಡುತ್ತಿದ್ದಳು. ಗಾಯ ಒಣಗಿತು, ಕಲೆ ಹೋಗಲಿಲ್ಲ. ಅಕ್ಕ ಮೊದಮೊದಲು "ಕೈ ಗುಣ ಆಯ್ತಾ" ಎಂದು ಫೋನಿನಲ್ಲಿ ಕೇಳುತ್ತಿದ್ದವಳು ಆಮೇಲೆ ಅದನ್ನೂ ಬಿಟ್ಟಳು. ಬ್ರಹ್ಮಾವರಕ್ಕೆ ಬನ್ನಿ ಎಂಬ ಕರೆ ಮಾತ್ರ ಬರಲಿಲ್ಲ. ಕರೆಯದೆ ಹೋಗಲು ಅಮ್ಮ ಒಪ್ಪಲಿಲ್ಲ.

ಮಗುವಿಗೆ ಮಾತು ಬಂದ ಮೇಲೆ ಒಂದು ಮಧ್ಯಾಹ್ನ ಅಕ್ಕನ ಫೋನು ಬಂತು. ಅಮ್ಮ ಆಗಷ್ಟೇ ಬುಟ್ಟಿ ಇಳಿಸಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ರಿಸೀವರು ಹಿಡಿದಳು. ಅಕ್ಕನ ದನಿ ನನಗೂ ಕೇಳುತ್ತಿತ್ತು.

"ನಿಮ್ಮನಿ ಸಾಬೂನ್ ಮುಗೀತ್, ಕಳ್ಸಿ. ಮಗುವಿಗ್ ಬೇರೆದ್ ಆತಿಲ್ಲೆ. ಮಿಂದ್ ಬಂದ್ ಕೈ ಮೂಸಿ ಮೂಸಿ ನಗಾಡ್ತ್."

ಅಮ್ಮ ರಿಸೀವರು ಇಟ್ಟು, ತನ್ನ ಬಲಗೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಬೆರಳ ಸಂದಿಯಲ್ಲಿ ಬಂಗುಡೆ ಮೀನಿನ ಹುರುಪೆ ಅಂಟಿತ್ತು. ನನ್ನ ಕಡೆಗೆ ಕೈ ಚಾಚಿ ಕೇಳಿದಳು:

"ಕಾಣ್, ಇದ್ರಂಗೆ ಒಂಚೂರಾರೂ ಕೇದಗಿ ಬತ್ತಾ?"

ಮೂಸಿ ನೋಡಿದೆ. "ಇಲ್ಲೆ ಅಮ್ಮ. ಬರೀ ಬಂಗ್ಡಿ" ಎಂದೆ.

ಅವಳು ತಲೆಯಾಡಿಸಿ, ಬುಟ್ಟಿ ತೊಳೆಯಲು ಬಾವಿಕಟ್ಟೆಗೆ ಹೋದಳು.