ಧನ್ಯಕುಮಾರರ ಮುತ್ತಜ್ಜನ ಬಸದಿ

ಧನ್ಯಕುಮಾರರನ್ನು ಮೊದಲು ಕಂಡದ್ದು ಖಾನಾಪುರ ಬಸ್ ನಿಲ್ದಾಣದಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಊಟದ ಡಬ್ಬಿ. ಜಾಂಬೋಟಿ ಕಡೆ ಎಲ್ಲೋ ಇದ್ದ ತಮ್ಮ ಮುತ್ತಜ್ಜನ ಬಸದಿಯನ್ನು ಹುಡುಕಲು ಬಂದಿದ್ದರು. ನನ್ನ ಬೈಕಿನಲ್ಲೇ ಕರೆದೊಯ್ದೆ. ಅವರೋ ಸಿಕ್ಕ ಸಿಕ್ಕ ಮನೆಯ ಮುಂದೆ ಇಳಿದು ವಂಶದ ಕಥೆ ಹೇಳುತ್ತಾ ಕೂತರು. ಹೊತ್ತು ಇಳಿಯಿತು.

"ಕಾಕಾ, ಮೊದ್ಲ ಉಣ್ರಿ."

"ದರ್ಶನ ಆಗದ ಉಣ್ಣಂಗಿಲ್ಲ ತಮ್ಮಾ."

"ಹೊತ್ತು ಮುಳುಗಿದ ಮ್ಯಾಲ?"

"ನಾವು ಜೈನರು, ಅವಾಗಂತೂ ಉಣ್ಣಂಗಿಲ್ಲ."

"ಹಂಗಾದ್ರ ಕತಿ ಹೇಳೂದರ ಬಿಡ್ರೀ!"

ಬಿಡಲಿಲ್ಲ. ಆಮೇಲೆ ಪ್ರತಿ ಭಾನುವಾರ ಬಂದಾಗಲೂ ಇದೇ ಗೋಳು, ಹಸಿದೇ ವಾಪಸು. ಕೊನೆಗೆ ಒಬ್ಬ ಅಜ್ಜಿ ಜಾಗದ ಗುರುತು ಹೇಳಿದಳು. ಮುಂದೆ ಅವರು ಮನೆ ಕಂಡಲ್ಲೆಲ್ಲ ನಿಲ್ಲಿಸೆಂದು ಎಷ್ಟು ಬೆನ್ನು ತಟ್ಟಿದರೂ ನಾನು ಬೈಕ್ ನಿಲ್ಲಿಸಲಿಲ್ಲ. ಗದ್ದೆಯಂಚಿನ ಕುಸಿದ ಗೋಡೆಗಳ ನಡುವೆ ಪಾರ್ಶ್ವನಾಥ ನಿಂತಿದ್ದ. ಇನ್ನೂ ಬಿಸಿಲಿತ್ತು; ಕೈಮುಗಿದು, ಅಲ್ಲೇ ಕೂತು ಉಂಡರು.

ಈಗ ಅವರು ಭಾನುವಾರ ಬೆಳಗಾವಿಯಿಂದ ಬಂದು ಆ ಬಸದಿಯ ಅಂಗಳ ಗುಡಿಸುತ್ತಾರೆ.