ಮುನಿಸ್ವಾಮಪ್ಪನವರ ಫಾರಿನ್ ಪಿನ್ನು

ಮುನಿಸ್ವಾಮಪ್ಪನವರಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಚಾರ್ಜರಿನ ಬೆನ್ನು ನೆನಪಿರುತ್ತಿತ್ತು. ಹಳೇ ಗಿರಾಕಿ ಎದುರಿಗೆ ನಿಂತು ನಮಸ್ಕಾರ ಹಾಕಿದರೂ ಯಾರೋ ದಾರಿ ಕೇಳಲು ಬಂದವರಂತೆ ನೋಡುತ್ತಿದ್ದರು. ಆತ ಚೀಲದಿಂದ ಚಾರ್ಜರ್ ತೆಗೆದು ಮಗುಚಿ ಹಿಡಿದ ಕೂಡಲೇ ಮುಖ ಅರಳುತ್ತಿತ್ತು: “ಓಹೋ, ನೀವಾ! ಹೋದ್ಸಲ ದುಬೈಗೆ ಹೋಗಿದ್ರಿ. ಕೂತ್ಕೊಳ್ಳಿ.”

ಕೂರಲು ಜಾಗವೇ ಇರುತ್ತಿರಲಿಲ್ಲ. ಚಾಮರಾಜಪೇಟೆಯ ಅವರ ಎಲೆಕ್ಟ್ರಿಕಲ್ ಅಂಗಡಿ, ಒಂದು ಸ್ಕೂಟರ್ ಅಡ್ಡ ನಿಲ್ಲಿಸಿದರೆ ಮುಚ್ಚಿಹೋಗುವಷ್ಟು ಅಗಲ. ಮೂವತ್ತು ವರ್ಷ ಕಂಬ ಹತ್ತಿದ ಲೈನ್‌ಮನ್ ಅವರು. ನಿವೃತ್ತಿಯಾದ ಮೇಲೆ ನೆಲದ ಮೇಲೆ ನಿಂತು ಏನು ಮಾಡುವುದೆಂದು ತೋಚದೆ ಅಂಗಡಿ ಇಟ್ಟರಂತೆ. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು. ಪಕ್ಕದಲ್ಲಿ, ರಟ್ಟಿನ ಮೇಲೆ ಅವರೇ ಬರೆದ ದೇಶದೇಶದ ಸಾಕೆಟ್ಟುಗಳು. ಆಸ್ಟ್ರೇಲಿಯದ್ದು ಅಳುಮುಖ, ಡೆನ್ಮಾರ್ಕಿನದ್ದು ನಗುಮುಖ. ಇವರು ಹೋದ ಅತಿ ದೂರದ ಊರು ತಿರುಪತಿ. ಪರದೇಶದ ವಿದ್ಯೆಯೆಲ್ಲ ಹೋಗಿಬಂದವರನ್ನು ನಿಲ್ಲಿಸಿ ಕೇಳಿ ಕಲಿತದ್ದು. ಬೇರೆಯವರು ಐಫೆಲ್ ಗೋಪುರದ ಬಗ್ಗೆ ವಿಚಾರಿಸಿದರೆ ಇವರು, “ರೂಮಲ್ಲಿ ತೂತು ದುಂಡಗಿತ್ತಾ, ಚಪ್ಪಟೆನಾ?” ಎನ್ನುತ್ತಿದ್ದರು.

ಅಂಗಡಿಗೆ ಒಂದು ಕಾನೂನಿತ್ತು. ಪರದೇಶದ ಸಾಕೆಟ್ಟಿಗೆ ನಮ್ಮ ಪಿನ್ನು ಹೊಂದಿಸುವ ಅಡಾಪ್ಟರ್ ಬೇಕಾದವರು ಚಾರ್ಜರ್ ತರಬೇಕು, ಅದರ ಬೆನ್ನಿನ ಇರುವೆಗಾತ್ರದ ಅಕ್ಷರಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ನಿವೃತ್ತ ಪ್ರೊಫೆಸರರು ಕೂಡ ಕನ್ನಡಕ ಹಣೆಗೇರಿಸಿ, “ಇನ್‌ಪುಟ್, ನೂರರಿಂದ ಇನ್ನೂರನಲವತ್ತು ವೋಲ್ಟ್” ಎಂದು ಒಪ್ಪಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓದಿಸಿ ಓದಿಸಿ, ಅರ್ಧ ಜನರನ್ನು “ನಿಮಗೇನೂ ಬೇಡ, ಹೋಗಿ ಬನ್ನಿ” ಎಂದು ಬರಿಗೈಯಲ್ಲಿ ಕಳಿಸುತ್ತಿದ್ದರು. ಹೀಗೂ ವ್ಯಾಪಾರ ಮಾಡುವವರಿದ್ದಾರೆಯೇ!

ಒಮ್ಮೆ ಬಸವನಗುಡಿಯ ಒಬ್ಬರು ಅಮೆರಿಕಕ್ಕೆ ಮಿಕ್ಸಿ ಹೊತ್ತುಕೊಂಡು ಹೋಗಲು ಅಡಾಪ್ಟರ್ ಕೇಳಿಕೊಂಡು ಬಂದರು.

“ಅಮ್ಮಾ, ಪಿನ್ನು ಹೊಂದ್ಸಿಕೊಡ್ತೀನಿ. ಆದ್ರೆ ಅಲ್ಲಿ ಕರೆಂಟು ನಮ್ದರ ಅರ್ಧ. ಅಡಾಪ್ಟರ್ ತೂತನ್ನ ಬದಲಾಯ್ಸುತ್ತೆ, ಕರೆಂಟನ್ನಲ್ಲ. ನಿಮ್ ಮಿಕ್ಸಿ ತಿರುಗಲ್ಲ, ಸುಮ್ನೆ ಯೋಚ್ನೆ ಮಾಡುತ್ತೆ.”

“ನಮ್ಮೆದುರುಮನೆಯೋರು ತಗೊಂಡ್ ಹೋಗಿದಾರಲ್ರೀ?”

“ತಗೊಂಡ್ ಹೋಗಿದಾರೆ. ಚಟ್ನಿ ಮಾಡಿದಾರಾ ಕೇಳಿ.”

ಇಂಥ ಆಸಾಮಿ ಸಿಕ್ಕಿದರೆ ನಾನು ಬಿಡುವುದುಂಟೇ? ಮದುವೆಯ ಫೋಟೋ ತೆಗೆಯುವುದು ನನ್ನ ಕಸುಬು. ಊರವರ ಅಣಕು ಮಾಡುವುದು ಚಟ. ಮುನಿಸ್ವಾಮಪ್ಪನವರ ಮೂಗಿನಿಂದ ಬರುವ ದನಿ, ಬೈಯುವ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುವ ಗತ್ತು, ಎಲ್ಲವನ್ನೂ ಎದುರಿನ ಕಾಫಿ ಹೋಟೆಲಿನಲ್ಲಿ ಪ್ರದರ್ಶಿಸಿ ನಾನು ಗಳಿಸಿದ ಚಪ್ಪಾಳೆಗೆ ಲೆಕ್ಕವಿಲ್ಲ. ಅಷ್ಟು ಚಪ್ಪಾಳೆ ನನ್ನ ಫೋಟೋಗಳಿಗೆ ಬಿದ್ದದ್ದಿಲ್ಲ.

ಹೀಗಿರುವಾಗ ಚಿಕ್ಕಪೇಟೆಯ ರೇಷ್ಮೆ ಅಂಗಡಿಯ ಯಜಮಾನರೊಬ್ಬರು ನನ್ನನ್ನು ಕರೆಸಿದರು. ಅವರ ಮಗಳು ಮತ್ತು ಭಾವೀ ಅಳಿಯ ಮದುವೆಗೆ ಮುಂಚೆ ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಜರತಾರಿ ಉಟ್ಟು ಓಡಬೇಕಿತ್ತು. ಓಡುವುದನ್ನು ನಾನು ಹಿಡಿಯಬೇಕಿತ್ತು.

“ನೋಡಪ್ಪಾ, ಇದು ಚೆನ್ನಾಗ್ ಬಂದ್ರೆ ಮದ್ವೆನೂ ನಿಂದೇ, ನಮ್ ಬೀದಿ ಮದ್ವೆಗಳೂ ನಿಂದೇ. ಕೆಟ್ಟರೆ ಈ ಬೀದಿ ಕಡೆ ತಲೆ ಹಾಕ್ಬೇಡ” ಎಂದರು ಯಜಮಾನರು.

ಅದುವರೆಗೆ ಇನ್ನೊಬ್ಬರ ಹಿಂದೆ ಲೈಟು ಹಿಡಿಯುತ್ತಿದ್ದ ನನಗೆ ಇದು ಮೊದಲ ಸ್ವಂತ ಕೆಲಸ. ಮುನಿಸ್ವಾಮಪ್ಪನವರ ಬಳಿ ಹೋದರೆ ಎಲ್ಲರೆದುರು ಓದಬೇಕು. ಓದಿಸುವವರನ್ನೇ ಆಡಿಕೊಂಡು ಹೆಸರು ಮಾಡಿದವನಿಗೆ ಅದು ಆಗುವ ಮಾತೇ? ‘ಇಡೀ ಪ್ರಪಂಚಕ್ಕೆ ಒಂದೇ’ ಎಂದು ಡಬ್ಬಿಯ ಮೇಲೆ ಬರೆದಿದ್ದ ಅಡಾಪ್ಟರನ್ನು ಆನ್‌ಲೈನಿನಲ್ಲಿ ತರಿಸಿಕೊಂಡೆ. ಅದು ಪ್ರಪಂಚದಷ್ಟೇ ಗುಂಡಗಿತ್ತು.

ಸ್ವಿಟ್ಜರ್ಲೆಂಡಿನಲ್ಲಿ ಮೊದಲ ದಿನವೇ ಸರೋವರದ ದಂಡೆಯಲ್ಲಿ ಮೂರು ಬ್ಯಾಟರಿಯೂ ಖಾಲಿ. ಆಯಾಸಕ್ಕೆ ಬೂಟಿನ ಸಮೇತ ನಿದ್ದೆಹೋದೆ. ಬೆಳಿಗ್ಗೆ ಏಳಕ್ಕೆ ಎದ್ದು ಚಾರ್ಜರ್ ಹಾಕಲು ಹೋದರೆ ಅಡಾಪ್ಟರ್ ಗೋಡೆಯೊಳಗೆ ಹೋಗುತ್ತಿಲ್ಲ. ಹತ್ತಕ್ಕೆ ಬೆಟ್ಟದ ರೈಲು. ಹಿಮ ಇದ್ದದ್ದು ಆ ಬೆಟ್ಟದ ಮೇಲೆ, ನಾವು ಅಲ್ಲಿಗೆ ಹೋಗುವುದಿದ್ದದ್ದು ಅದೊಂದೇ ದಿನ. ಕೆಳಗೆ ವಿಚಾರಿಸಿದರೆ, ಹೋಟೆಲಿನ ಅಡಾಪ್ಟರುಗಳನ್ನೆಲ್ಲ ನಮಗಿಂತ ಮೊದಲೇ ಎದ್ದ ಒಂದು ಟೂರ್ ಗುಂಪು ಒಯ್ದಿತ್ತು. ಚಾಮರಾಜಪೇಟೆಯಲ್ಲಿ ಅಂಗಡಿ ತೆರೆದಿರುವ ಹೊತ್ತು. ಮಾನ ಬಿಟ್ಟು ಫೋನ್ ಮಾಡಿದೆ.

“ಅಂಕಲ್, ನಾನು, ಫೋಟೋ ತೆಗೆಯೋನು.”

“ಯಾವ ಫೋಟೋ?”

“ನಿಮ್ ಥರ ಮಾತಾಡಿ ತೋರಿಸ್ತಾನಂತಲ್ಲ, ಅವನು.”

“ಓ, ಆ ಪೋಲಿನಾ! ಹೇಳು.”

“ಸ್ವಿಟ್ಜರ್ಲೆಂಡಲ್ಲಿದೀನಿ. ಗೋಡೇಲಿ ಆರು ಮೂಲೆ ಗುಳಿ, ಒಳಗೆ ಮೂರು ತೂತು. ನನ್ ಅಡಾಪ್ಟರ್ ಹೊಟ್ಟೆ ದಪ್ಪ, ಗುಳಿಯೊಳಗೆ ಹೋಗ್ತಾನೇ ಇಲ್ಲ.”

“ಹೊಟ್ಟೆ ವಿಷ್ಯ ಆಮೇಲೆ. ಚಾರ್ಜರ್ ಮಗುಚು. ಓದು.”

ನಾನು ಹೋಟೆಲಿನ ನೆಲದ ಮೇಲೆ ಮಂಡಿಯೂರಿ, ಒಂದನೇ ಕ್ಲಾಸಿನ ಮಗುವಿನಂತೆ ಓದಿದೆ.

“ಭಯ ಇಲ್ಲ, ಅಲ್ಲೂ ಕರೆಂಟು ನಮ್ ಥರಾನೇ. ವೈರಿನ್ ತುದೀಲಿ ಎಷ್ಟು ಪಿನ್ನು?”

“ಎರಡು. ಅಡಾಪ್ಟರ್‌ಗೆ ಸಿಕ್ಸಿದೀನಿ.”

“ಯಾಕ್ ಸಿಕ್ಸಿದೀಯ?”

“ಫಾರಿನ್ ಅಲ್ವಾ ಅಂಕಲ್…”

“ಕೀಳು. ಪಿನ್ನು ದುಂಡಗಿದೆಯಾ, ಸಣ್ಣಗಿದೆಯಾ?”

“ಹೂಂ.”

“ಸೀದಾ ಗೋಡೆಗೆ ಹಾಕು.”

ಹಾಕಿದೆ. ಆ ಗುಳಿಗೆಂದೇ ಹುಟ್ಟಿದಂತೆ ಕೂತಿತು. ಕೆಂಪು ದೀಪ ಹತ್ತಿತು. ನನಗೂ ಏನೂ ಬೇಕಾಗಿರಲಿಲ್ಲ, ಬೆಂಗಳೂರಿನಿಂದ ಅಡಾಪ್ಟರ್ ಹೊತ್ತು ತಂದದ್ದೇ ದಂಡ!

“ಬಂತಾ? ಇನ್ನು ತಿಂಡಿಗೆ ಹೋಗೋವಾಗ ಬಾಗ್ಲ ಪಕ್ಕ ಸಿಕ್ಸಿರೋ ಕೀ ಕಾರ್ಡು ಕಿತ್ಕೊಂಡ್ ಹೋಗ್ಬೇಡ, ರೂಮಿನ್ ಕರೆಂಟೇ ಹೋಗ್ಬಿಡುತ್ತೆ. ಬ್ಯಾಟರಿ ಬನಿಯನ್ ಒಳಗಿಟ್ಕೋ, ಚಳೀಗೆ ಬೇಗ ಸಾಯುತ್ತೆ.”

ಕಾರ್ಡು ಆಗಲೇ ನನ್ನ ಕೈಯಲ್ಲಿತ್ತು. ತೆಪ್ಪಗೆ ವಾಪಸು ಸಿಕ್ಕಿಸಿದೆ.

ರೈಲಿಗೆ ಹೊರಡುವ ಹೊತ್ತಿಗೆ ಒಂದೂವರೆ ಬ್ಯಾಟರಿ ತುಂಬಿತು. ಹುಡುಗಿ ಹಿಮದಲ್ಲಿ ಓಡಿದಳು, ಹುಡುಗ ಜಾರಿದ, ಎರಡೂ ಚೆನ್ನಾಗಿ ಬಂದವು. ಆ ಬೀದಿಯ ಮದುವೆಗಳು ಈಗಲೂ ನನ್ನವೇ.

ಮುನಿಸ್ವಾಮಪ್ಪನವರು ಮಾತ್ರ ಇಲ್ಲ. ನಾನು ವಾಪಸಾದ ಎರಡೇ ತಿಂಗಳಿಗೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅಲ್ಲಿ ಏನನ್ನೂ ಓದಬೇಕಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಊರಿಗೆ ಬಂದ ಮಾರನೆಯ ದಿನ. ಒಂದು ಚಾಕೊಲೇಟ್ ಡಬ್ಬಿ, ಜೊತೆಗೆ ಹೋಟೆಲಿನ ಆ ಸಾಕೆಟ್ಟಿನ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದಿದ್ದೆ. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಫೋಟೋವನ್ನು ಬೆಳಕಿಗೆ ಹಿಡಿದರು. ಬೆಟ್ಟ, ಹಿಮ, ರೈಲು, ಯಾವುದನ್ನೂ ಕೇಳಲಿಲ್ಲ. ಬಹಳ ಹೊತ್ತು ನೋಡಿ, ಸಾಕೆಟ್ಟಿನ ನಡುವಿನ ಸ್ಕ್ರೂ ಮೇಲೆ ಬೆರಳಿಟ್ಟರು.

“ನೋಡು, ಸ್ಕ್ರೂ ತಲೆ ಮೇಲಿನ ಗೀರು ಹೆಂಗ್ ನೆಟ್ಟಗೆ ನಿಲ್ಸಿದಾನೆ. ಯಾರೂ ನೋಡಲ್ಲ ಅಂತ ಗೊತ್ತಿದ್ದೂ ನಿಲ್ಸಿದಾನೆ. ಒಳ್ಳೇ ವೈರ್‌ಮನ್ನು. ಹೆಸರೇನಂತೆ?”

“ಕೇಳ್ಲಿಲ್ಲ ಅಂಕಲ್.”

“ಮತ್ತೆ ಅಷ್ಟ್ ದೂರ ಯಾಕಯ್ಯ ಹೋಗಿದ್ದೆ?”