ಮೂಗು ಹಿಡಿಯುವ ಸರದಿ

ಮುನೀರೋದ್ದೀನ ಮಾಸ್ತರರು ಬೀದರಿನ ಚಿದ್ರಿಯವರು. ನಿಜಾಮರ ಕಾಲದಲ್ಲಿ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಗೆ ಉರ್ದು ಶಾಲೆಯ ಮಾಸ್ತರರಾಗಿ ಬಂದರು. ಅವರು ಬೆತ್ತ ಹಿಡಿದವರಲ್ಲ. ಆ ಕೆಲಸವನ್ನು ಮಕ್ಕಳಿಗೇ ಬಿಟ್ಟಿದ್ದರು. ಉತ್ತರ ಹೇಳಿದವರು, ಬಾರದವರ ಮೂಗು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕಪಾಳಕ್ಕೆ ಹೊಡೆಯಬೇಕು. ತಾವೂ ಹಾಗೆಯೇ ಕಲಿತವರಾದ್ದರಿಂದ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಹೊಡೆಯುವ ಸರದಿ ಹೆಚ್ಚಾಗಿ ಅತ್ತರು ಮಾರುವ ಅಬ್ದುಲ ಅಜೀಜರ ಮಗ ಅಯ್ಯುಬನದು. ಮನೆಮಾತೇ ಪಾಠದ ಮಾತಾದವನಿಗೆ ಕಷ್ಟವೇನಿತ್ತು? ಹೊಡೆಸಿಕೊಳ್ಳುವ ಸರದಿ ಕುರಿ ಸಾಕುವ ಧೊಂಡಿಬಾನ ಮಗಳು ಹೀರಾಬಾಯಿಯದು. ಅವಳು ಬಾಗಿಲ ಬಳಿ ಕೂರುತ್ತಿದ್ದಳು. ಹೆಸರು ಕರೆದರೆ ಸಾಕು, ತಾನಾಗಿ ಎದ್ದುಬಂದು ಮುಖ ಒಡ್ಡುವಷ್ಟು ರೂಢಿಯಾಗಿತ್ತು.

ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಶಾಲೆ ಕೆಲವು ತಿಂಗಳು ಮುಚ್ಚಿತು. ಆ ದಿನಗಳಲ್ಲಿ ಅಬ್ದುಲ ಅಜೀಜರು ತೀರಿಹೋದರು. ಹೇಗೆಂದು ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಶಾಲೆ ಮತ್ತೆ ತೆರೆದಾಗ ಪಾಠ ಕನ್ನಡದಲ್ಲಿ ಆಗಬೇಕೆಂದು ಹುಕುಂ ಬಂದಿತ್ತು. ಅಯ್ಯುಬನ ತಾಯಿ ಮಹಮೂದಾ ಬೇಗಂ ಮಗನನ್ನು ಬಿಡಲು ಬಂದವರು, ಒಂದು ದಿನ ನೋಡುತ್ತೇನೆ, ಪೆಟ್ಟು ತಿಂದು ಅಳುತ್ತ ಬಂದರೆ ಮತ್ತೆ ಕಳಿಸುವುದಿಲ್ಲ ಎಂದು ಹೇಳಿಹೋದರು.

ಮಾಸ್ತರರು ಹೊಸ ಪುಸ್ತಕದ ಒಂದು ಸಾಲನ್ನು ಚಿತ್ರ ಬಿಡಿಸಿದಂತೆ ಹಲಗೆಯ ಮೇಲೆ ಬರೆದರು. ಹಿಂದಿನ ದಿನ ಪಟೇಲರಿಂದ ಓದಿಸಿಕೊಂಡು, ಉರ್ದು ಅಕ್ಷರದಲ್ಲಿ ಬರೆದಿಟ್ಟ ಚೀಟಿ ಅವರ ಅಂಗೈಯಲ್ಲಿತ್ತು. ಓದಲು ಹೇಳಿದಾಗ ಅಯ್ಯುಬನಿಗೆ ಒಂದಕ್ಷರವೂ ತಿಳಿಯಲಿಲ್ಲ. ಹೀರಾಬಾಯಿಗೆ ಅವಳಜ್ಜ ಕುರಿಹಟ್ಟಿಯ ಮಣ್ಣಿನಲ್ಲಿ ಕನ್ನಡ ಅಕ್ಷರ ತಿದ್ದಿಸಿದ್ದ. ಅವಳು ಒಂದೇ ಉಸಿರಿಗೆ ಓದಿದಳು.

ತರಗತಿಗೆ ಮುಂದಿನದು ಗೊತ್ತಿತ್ತು. ಹಿಂದಿನಿಂದ ಯಾರೋ, "ಹೀರಾ, ಬಡ್ಡಿ ಸಮೇತ ತೀರಸು" ಎಂದರು. ಅಯ್ಯುಬ ಟೋಪಿ ತೆಗೆದು, ಕಣ್ಣು ಮುಚ್ಚಿ ನಿಂತುಕೊಂಡ. ಹೀರಾಬಾಯಿ ಎದ್ದು ಬಂದಳು.

ಮಾಸ್ತರರು ಅವಳನ್ನು ತಡೆದರೆ ನ್ಯಾಯವಾಗುತ್ತಿರಲಿಲ್ಲ. ಎರಡು ವರ್ಷ ಅವಳು ಪೆಟ್ಟು ತಿಂದಾಗ ಅವರು ತಡೆದಿರಲಿಲ್ಲ. ಹೊಡೆಯಲಿ ಎಂದರೆ ಹುಡುಗ ನಾಳೆ ಬರುವುದಿಲ್ಲ. ಮಾಸ್ತರರು ಅಂಗೈ ಬಿಚ್ಚಿ ಚೀಟಿ ತೋರಿಸಿದರು. ಕುರ್ಚಿಯಿಂದಿಳಿದು ಅಯ್ಯುಬನ ಪಕ್ಕ ನಿಂತು, ಅವಳಿಗೆ ಎಟುಕುವಷ್ಟು ಬಗ್ಗಿದರು.

"ನನಗೂ ಓದಾಕ ಬರಂಗಿಲ್ಲ ಬೇಟಿ. ಮೊದಲ ನನಗ ಹೊಡಿ."

ಹೀರಾಬಾಯಿ ಇಬ್ಬರ ಮುಖವನ್ನೂ ನೋಡಿದಳು.

"ಎರಡು ವರ್ಸ ಹೊಡಿಸ್ಕೊಂಡೇನ್ರಿ. ನನಗ ಒಂದಕ್ಷರ ಉರ್ದು ಬಂತೇನ್ರಿ? ನಿಮಗ ಹ್ಯಾಂಗ ಕನ್ನಡ ಬರ್ತದ?" ಎಂದು ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಮೂಗು ಹಿಡಿಯುವುದು ಅಂದಿಗೆ ನಿಂತಿತು. ಉತ್ತರ ಬಂದವರು ಬಾರದವರ ಪಕ್ಕ ಕೂತು ಕಲಿಸಬೇಕೆಂದು ಮಾಸ್ತರರು ಹೇಳಿದರು. ತಾವೂ ಪಾಟಿ ಬಳಪ ಹಿಡಿದು ಬಾಗಿಲ ಬಳಿ ಹೋಗಿ ಕೂತರು. ಕನ್ನಡ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ, ಎರಡನೆಯ ಸಲ ಪಾಸಾದರು. ಮುಂದೆ ಔರಾದಿಗೆ ವರ್ಗವಾಗಿ ನಿವೃತ್ತಿಯವರೆಗೂ ಅಲ್ಲಿದ್ದರು. ಅಲ್ಲಿಯೂ ಮಕ್ಕಳನ್ನು ಹಾಗೆಯೇ ಕೂರಿಸಿದರು.

ಹೀರಾಬಾಯಿ ಹೊಡೆಯದೆ ಬಿಟ್ಟ ಆ ದಿನದ ಮರುದಿನ ಬೆಳಿಗ್ಗೆ ಮಾತ್ರ ಅವರು ಹಾಜರಿ ಕರೆಯದೆ ಬಾಗಿಲನ್ನೇ ನೋಡುತ್ತಿದ್ದರು. ಅಯ್ಯುಬ ತಡವಾಗಿ ಬಂದ. ಹೀರಾಬಾಯಿ ಗೋಣಿತಟ್ಟಿನ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟಳು.

"ನಿನ್ನಿ ಹೊಡಿಲಿಲ್ಲ ಅಷ್ಟ," ಎಂದಳು, ಅವನ ಪಾಟಿ ಎಳೆದುಕೊಳ್ಳುತ್ತ. "ಮರ್ತೇನಿ ಅಂದಿಲ್ಲ. ಬರಿ."